ಮೊರೆಯ ಪಕ್ಷದವರು: ಒಂದು ಪ್ರಣಾಳಿಕೆ

ನಮ್ಮ ಮಾತು ಸ್ವರ್ಗದಿಂದಲೇ ಶುರುವಾಗಬೇಕು. ಸತ್ತವರು ಹೋಗುವ ಸ್ವರ್ಗವಲ್ಲ, ಬಸ್ಸು ಹೋಗುವ ಸ್ವರ್ಗ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ, ಕರ್ನಾಟಕದ ಗಡಿಗೆ ಹತ್ತಿರ, ಪಡ್ರೆಯ ಒಂದು ಮೂಲೆಗೆ ಹಿರಿಯರು ಇಟ್ಟ ಹೆಸರು ಅದು. ಅಡಿಕೆ ತೋಟ, ತೋಡು, ಗುಡ್ಡದ ಹೊಟ್ಟೆ ಕೊರೆದು ನೀರು ತರಿಸಿಕೊಳ್ಳುವ ಸುರಂಗಗಳು. ಗುಡ್ಡಗಳ ನೆತ್ತಿಯ ಮೇಲೆ ಸರಕಾರಿ ನಿಗಮದ ಗೇರು ತೋಟ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ವರ್ಷಕ್ಕೆ ಎರಡು ಮೂರು ಸಲ ಆ ತೋಟದ ಮೇಲೆ ಹೆಲಿಕಾಪ್ಟರ್ ಹಾರುತ್ತಿತ್ತು. ಗೇರನ್ನು ಕಾಡುವ ಚಹಾ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲೆಂದು ಎಂಡೋಸಲ್ಫಾನ್ ಸುರಿಯುತ್ತಿತ್ತು. ಮಕ್ಕಳು ಅಂಗಳಕ್ಕೆ ಓಡಿ ಬಂದು ಮೇಲೆ ನೋಡಿ ಕೈ ಬೀಸುತ್ತಿದ್ದರು. ಬಾವಿ ಮುಚ್ಚಿಕೊಳ್ಳಿ ಎಂದು ಹೇಳಿಕಳಿಸಿದ್ದೂ ಉಂಟು. ಬಾವಿಗೆ ಮಡಲು ಹೊದಿಸಬಹುದು, ತೋಡಿಗೆ ಏನು ಹೊದಿಸುವುದು?

ಮೊದಲು ಕೊಟ್ಟಿಗೆಯಲ್ಲಿ ಕಾಣಿಸಿತು. ಕಾಲು ಸೊಟ್ಟಗಾದ ಕರುಗಳು ಹುಟ್ಟಿದವು. ಆ ಊರಿನವರೇ ಆದ ಕೃಷಿ ಪತ್ರಕರ್ತ ಶ್ರೀಪಡ್ರೆ ಅದನ್ನು ಬರೆದರು; ಓದಬೇಕಾದವರು ಓದಲಿಲ್ಲ. ಆಮೇಲೆ ಅದು ತೊಟ್ಟಿಲಿಗೆ ಬಂತು. ತಲೆ ಮಾತ್ರ ಬೆಳೆದು ಮೈ ಬೆಳೆಯದ ಕೂಸು, ದಿನಕ್ಕೆ ಹಲವು ಸಲ ಫಿಟ್ಸ್ ಬರುವ ಹುಡುಗಿ, ಇಪ್ಪತ್ತಾದರೂ ಕತ್ತು ನಿಲ್ಲದ ಹುಡುಗ. ಊರಿನಲ್ಲಿ ಒಂದೇ ಮಾತು: ಜಟಾಧಾರಿ ದೈವ ಮುನಿದಿದೆ. ಜೋಯಿಸರನ್ನು ಕರೆಸಿ ಪ್ರಶ್ನೆ ಇಡಿಸಿದರು. ಒಬ್ಬರ ಕವಡೆಯಲ್ಲಿ ನಾಗದೋಷ ಕಂಡರೆ ಇನ್ನೊಬ್ಬರ ಕವಡೆಯಲ್ಲಿ ಹಿರಿಯರು ತೀರಿಸದೆ ಬಿಟ್ಟ ಹರಕೆ ಕಂಡಿತು. ಸರ್ಪಸಂಸ್ಕಾರವಾಯಿತು, ತಂಬಿಲವಾಯಿತು, ಅಡವಿಟ್ಟ ಬಳೆಯ ಹಣದಲ್ಲಿ ಕೋಲವಾಯಿತು. ಇಡೀ ಊರು ಪ್ರಶ್ನೆ ಇಡಿಸುತ್ತಾ ಕೂತಿತು, ಯಾರಿಗೆ ಕೇಳಬೇಕೋ ಅವರಿಗೆ ಪ್ರಶ್ನೆ ಕೇಳಲೇ ಇಲ್ಲ.

ಹೆಲಿಕಾಪ್ಟರಿಗಿಂತ ಮೊದಲು ದೇವರು ಸಿಕ್ಕಿಬಿದ್ದ. ಬರಲಿರುವ ಒಡನಾಡಿಗಳೇ, ನಮ್ಮ ಚಳವಳಿಗೆ ಕಾರಣ ಈ ಒಂದು ವಾಕ್ಯ.

ಆ ಊರಿನವರನ್ನು ಮೂಢರೆಂದು ನಗುವವರು ಇಲ್ಲಿಂದಲೇ ಎದ್ದುಹೋಗಬಹುದು. ಅವರಿಗೆ ಯಾವ ಪಾಠ ಹೇಳಿಕೊಟ್ಟಿದ್ದೆವೋ ಅದನ್ನೇ ಅವರು ಒಪ್ಪಿಸಿದರು. ನೋವಿಗೆ ಕಾರಣ ಮೇಲಿದೆ, ಹಿಂದಿದೆ, ನಿನ್ನೊಳಗಿದೆ ಎಂದು ಸಾವಿರಾರು ವರ್ಷ ಕಲಿಸಿದ ಪಾಠ ಅದು. ಪಾಠ ಹೇಳಿದವರಲ್ಲಿ ಹಳ್ಳಿಯ ಜೋಯಿಸರಷ್ಟೇ ಅಲ್ಲ, ಜಗತ್ತಿನ ಅತಿ ಸೂಕ್ಷ್ಮ ಬುದ್ಧಿಯವರೂ ಇದ್ದರು.

ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲೇ ಆಕ್ಷೇಪ ಎದ್ದಿದೆ: ಒಬ್ಬನಿಗೆ ಸುಖವನ್ನೂ ಇನ್ನೊಬ್ಬನಿಗೆ ಸಂಕಟವನ್ನೂ ಹಂಚುವ ಈಶ್ವರ ಪಕ್ಷಪಾತಿಯಲ್ಲವೇ, ನಿರ್ದಯನಲ್ಲವೇ? ಅಲ್ಲ, ಅವನು ಜೀವಿಗಳ ಕರ್ಮ ನೋಡಿ ಕೊಡುತ್ತಾನೆ ಎಂಬುದು ಉತ್ತರ. ಶಂಕರರು ಇದಕ್ಕೆ ಮಳೆಯ ಹೋಲಿಕೆ ತಂದರು. ಮಳೆ ಎಲ್ಲ ಬೀಜಕ್ಕೂ ಒಂದೇ ಸಮನೆ ಸುರಿಯುತ್ತದೆ, ಭತ್ತ ಭತ್ತವಾಗುವುದೂ ಜವೆ ಜವೆಯಾಗುವುದೂ ಬೀಜದ ಗುಣ. ಹೋಲಿಕೆ ಸುಂದರವಾಗಿದೆ. ಆದರೆ ಪಡ್ರೆಯ ಮೇಲೆ ಸುರಿದದ್ದು ಆ ಮಳೆಯಲ್ಲ. ಅದನ್ನು ತಯಾರಿಸಿದ ಕಾರ್ಖಾನೆಯಿತ್ತು, ಕೊಂಡ ಕಚೇರಿಯಿತ್ತು, ಸಹಿ ಹಾಕಿದ ಕೈಯಿತ್ತು. ಆ ಮಳೆಯ ಕೆಳಗೆ ನಿಂತು ಬೀಜದ ಗುಣ ಚರ್ಚಿಸುವುದು ತತ್ತ್ವಶಾಸ್ತ್ರವೂ ಅಲ್ಲ, ಸಭ್ಯತೆಯೂ ಅಲ್ಲ.

ಮೊದಲ ಕರ್ಮ ಎಲ್ಲಿಂದ ಬಂತು ಎಂದು ಕೇಳಿದರೆ ಸಂಸಾರ ಅನಾದಿ ಎಂದರು. ಹಾಗಾದರೆ ಆ ಲೆಕ್ಕದ ಪುಸ್ತಕಕ್ಕೆ ಮೊದಲ ಪುಟವೇ ಇಲ್ಲ. ಮೊದಲ ಪುಟವಿಲ್ಲದ ಸಾಲಪತ್ರ ಹಿಡಿದು, ಇನ್ನೂ ಮಾತು ಬಾರದ ಕೂಸಿನಿಂದ ಬಡ್ಡಿ ವಸೂಲಿ ಮಾಡುವ ವ್ಯವಹಾರವನ್ನು ಪೇಟೆಯಲ್ಲಿ ಯಾರಾದರೂ ನಡೆಸಿದರೆ ಪೊಲೀಸರು ಬರುತ್ತಾರೆ. (ನಮ್ಮೊಡನೆ ನಿವೃತ್ತ ಸಂಸ್ಕೃತ ಮೇಷ್ಟ್ರೊಬ್ಬರಿದ್ದಾರೆ. ಈ ಸಾಲು ಅವರಿಗೆ ಇಷ್ಟವಿಲ್ಲ. ಸಿದ್ಧಾಂತ ಅಷ್ಟು ಸಸಾರವಲ್ಲ ಎನ್ನುತ್ತಾರೆ. ಇರಲಿ, ವಾರಕ್ಕೆರಡು ರಾತ್ರಿ ರೋಗಿಯ ಪಕ್ಕ ಕೂರುವವರಲ್ಲಿ ಅವರು ಮೊದಲಿಗರು.)

ಪಶ್ಚಿಮದವರು ಇದನ್ನೇ ಇನ್ನೊಂದು ದಾರಿಯಲ್ಲಿ ಸಾಧಿಸಿದರು. ದೇವರು ಸೃಷ್ಟಿಸಬಹುದಾಗಿದ್ದ ಲೋಕಗಳಲ್ಲೆಲ್ಲ ಇದೇ ಅತ್ಯುತ್ತಮ ಎಂದು 1710ರಲ್ಲಿ ಜರ್ಮನ್ ತತ್ತ್ವಜ್ಞಾನಿ ಲೈಬ್ನಿಟ್ಸ್ ಗ್ರಂಥವನ್ನೇ ಬರೆದ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಗ್ಗೆ, ಚರ್ಚುಗಳು ತುಂಬಿದ್ದ ಹೊತ್ತಿನಲ್ಲೇ ಲಿಸ್ಬನ್ ನಗರ ಭೂಕಂಪಕ್ಕೆ ಕುಸಿಯಿತು. ಪೂಜೆಗೆ ಹೋದವರ ಮೇಲೆಯೇ ಮಾಡು ಬಿತ್ತು. ಆ ಬೆಳಗಿನ ನಂತರ ಆ ಗ್ರಂಥವನ್ನು ಮುಖ ಗಂಟಿಕ್ಕದೆ ಓದಲು ಫ್ರೆಂಚ್ ಲೇಖಕ ವಾಲ್ಟೇರನಿಂದ ಆಗಲಿಲ್ಲ, ನಮ್ಮಿಂದಲೂ ಆಗುವುದಿಲ್ಲ.

ದೊಡ್ಡವರೂ ಜಾರಿದ್ದಾರೆ. 1934ರ ಜನವರಿ 15ರಂದು ಬಿಹಾರದ ನೆಲ ನಡುಗಿ ಸಾವಿರಾರು ಜನ ಸತ್ತಾಗ, ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು ಗಾಂಧೀಜಿ. ಅಸ್ಪೃಶ್ಯತೆ ಪಾಪ ಎಂಬುದರಲ್ಲಿ ಅವರಿಗೂ ನಮಗೂ ಎರಡು ಮಾತಿಲ್ಲ. ಆದರೆ ಆ ಮಣ್ಣಿನಡಿ ಸಿಕ್ಕವರಲ್ಲಿ ಅಸ್ಪೃಶ್ಯರೆನಿಸಿಕೊಂಡವರೂ ಇದ್ದರಲ್ಲ, ಅವರಿಗೆ ಯಾವ ಪಾಪದ ಶಿಕ್ಷೆ? ರವೀಂದ್ರನಾಥ ಠಾಕೂರರು ಕೂಡಲೇ ಪ್ರತಿಭಟಿಸಿದರು. ಗಾಂಧೀಜಿ ಆ ಪ್ರತಿಭಟನೆಯನ್ನು ತಮ್ಮದೇ ‘ಹರಿಜನ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು, ತಮ್ಮ ಮಾತನ್ನು ಮಾತ್ರ ಹಿಂದೆಗೆದುಕೊಳ್ಳಲಿಲ್ಲ. ಅಷ್ಟು ಕರುಣೆಯ ಮನುಷ್ಯನ ಬಾಯಲ್ಲೂ ದೇವರು ಹೀಗೆ ಕಟುಕನಾಗಬಲ್ಲ ಎಂದಾದರೆ, ದೇವರ ಪರವಾಗಿ ಮಾತಾಡುವ ಕೆಲಸವೇ ಅಪಾಯದ್ದು.

ಹಳೆಯ ವ್ಯವಸ್ಥೆಯ ಹೆಸರು ಸಮಾಧಾನ. ಕನ್ನಡದಲ್ಲಿ ಈ ಪದಕ್ಕೆ ಎರಡು ಮುಖ: ಆಕ್ಷೇಪಕ್ಕೆ ಕೊಡುವ ಉತ್ತರವೂ ಸಮಾಧಾನ, ಅಳುವವರ ಬೆನ್ನು ಸವರುವುದೂ ಸಮಾಧಾನ. ಮೊದಲನೆಯದನ್ನು ಕೊಟ್ಟರೆ ಎರಡನೆಯದು ತಾನಾಗಿ ಆಗುತ್ತದೆ ಎಂದು ಹಿಂದಿನವರು ನಂಬಿದರು. ಆಗಲಿಲ್ಲ. ಕಾರಣ ಕೇಳಿಸಿಕೊಂಡ ತಾಯಿ ಇನ್ನಷ್ಟು ಕುಗ್ಗಿದಳು, ಏಕೆಂದರೆ ಈಗ ಮಗುವಿನ ನೋವಿನ ಜೊತೆ ತನ್ನ ತಪ್ಪೂ ಸೇರಿತು. ಬಸುರಿಯಾಗಿದ್ದಾಗ ಗ್ರಹಣ ನೋಡಿದೆಯಾ? ನಾಗಬನದ ಮರ ಕಡಿದಿರಾ? ಹೀಗೆ ಕೇಳಿ, ಕಾಫಿ ಕುಡಿದು, ದೇವರು ಕರುಣಾಳು ಎಲ್ಲ ಸರಿಹೋಗುತ್ತದೆ ಎಂದು ನೆಂಟರು ಎದ್ದುಹೋದರು. ಕರುಣಾಳುವಿನ ಮರ್ಯಾದೆ ಉಳಿಯಿತು. ಅದಕ್ಕೆ ಬೆಲೆ ತೆತ್ತವಳು ಇವಳು.

ಎದುರು ಪಾಳಯದವರನ್ನೂ ನಾವು ಬಲ್ಲೆವು, ನಮ್ಮಲ್ಲಿ ಅರ್ಧ ಜನ ಅಲ್ಲಿಂದಲೇ ಬಂದವರು. ದೇವರಿಗೆ ನೋವು ತಡೆಯುವ ಶಕ್ತಿಯಿಲ್ಲ ಅಥವಾ ಮನಸ್ಸಿಲ್ಲ, ಎರಡೂ ಇದ್ದರೆ ಈ ಕೂಸು ಏಕೆ ಹೀಗೆ ಎಂಬುದು ಗ್ರೀಕ್ ತತ್ತ್ವಜ್ಞಾನಿ ಎಪಿಕ್ಯೂರಸನ ಹೆಸರಿನಲ್ಲಿ ನಡೆದು ಬಂದ ವಾದ. ವಾದ ಗಟ್ಟಿಯಾಗಿಯೇ ಇದೆ. ಆದರೆ ಸಭೆಗಳಲ್ಲಿ ಅದನ್ನು ಹೂಡಿ ಚಪ್ಪಾಳೆ ಗಿಟ್ಟಿಸಿದ ನಾವು, ಆ ಕೂಸಿನ ಮನೆಗೆ ಹೋಗುವ ದಾರಿಯನ್ನು ಯಾರನ್ನೂ ಕೇಳಲಿಲ್ಲ. ಒಬ್ಬರು ಮಗುವನ್ನು ದೇವರ ಪರ ಸಾಕ್ಷಿ ಮಾಡಿದರು, ಇನ್ನೊಬ್ಬರು ವಿರುದ್ಧ ಸಾಕ್ಷಿ ಮಾಡಿದರು. ಮಗುವಿನ ಬಟ್ಟೆ ಒದ್ದೆಯಾಗಿದ್ದನ್ನು ಇಬ್ಬರೂ ನೋಡಲಿಲ್ಲ.

ಹಾಗಾಗಿ ನಾವು ಬಂದಿದ್ದೇವೆ. ನಮಗೆ ಇನ್ನೂ ಹೆಸರಿಲ್ಲ, ಇಟ್ಟುಕೊಳ್ಳುವ ಅವಸರವೂ ಇಲ್ಲ. ನಮ್ಮಲ್ಲಿ ದಿನಾ ಸಂಜೆ ದೀಪ ಹಚ್ಚುವವರಿದ್ದಾರೆ, ಐದು ಹೊತ್ತು ನಮಾಜು ಮಾಡುವವರಿದ್ದಾರೆ, ಭಾನುವಾರ ಇಗರ್ಜಿಗೆ ಹೋಗುವವರಿದ್ದಾರೆ, ಏನನ್ನೂ ನಂಬದವರಿದ್ದಾರೆ. ನಮ್ಮನ್ನು ಒಟ್ಟಿಗೆ ತಂದದ್ದು ಒಂದು ನಿರಾಕರಣೆ: ನೋವಿನಲ್ಲಿರುವ ಮನುಷ್ಯನ ಮುಂದೆ ದೇವರ ಪರ ವಕಾಲತ್ತು ವಹಿಸುವುದಿಲ್ಲ. ತನ್ನ ನಡತೆಗೆ ವಿವರಣೆ ಕೊಡಬೇಕೆನಿಸಿದರೆ ದೇವರು ತಾನೇ ಕೊಡಲಿ. ಅಷ್ಟು ದೊಡ್ಡವನಿಗೆ ನಮ್ಮಂಥ ಗುಮಾಸ್ತರು ಬೇಕಾಗಿಲ್ಲ.

ದಯಾಮಯನಾದ ದೇವರಿಗೂ ಈ ಮಕ್ಕಳ ನರಳಿಕೆಗೂ ತಾಳೆಯಾಗುವುದಿಲ್ಲ ಎಂದು ನಾವು ಘೋಷಿಸುತ್ತೇವೆ. ದೇವರಿಲ್ಲ ಎಂದು ಇದರ ಅರ್ಥವಲ್ಲ. ತಾಳೆ ಹಾಕಿ ಮುಗಿಸಿದ್ದೇವೆ ಎನ್ನುವವರ ಲೆಕ್ಕ ತಪ್ಪು ಎಂದಷ್ಟೇ ಅರ್ಥ. ತಾಳೆಯಾಗದ ಎರಡನ್ನೂ ಒಂದೇ ಎದೆಯಲ್ಲಿಟ್ಟುಕೊಂಡು ಬದುಕುವ ತಾಯಂದಿರನ್ನು ನಾವು ಕಂಡಿದ್ದೇವೆ. ಸಂಜೆ ದೇವರ ಮುಂದೆ ದೀಪ ಹಚ್ಚುತ್ತಾರೆ, ಹಚ್ಚುತ್ತಲೇ ನಿನಗೆ ಕಣ್ಣಿಲ್ಲವಾ ಎಂದು ಬೈಯುತ್ತಾರೆ. ಇದು ದ್ವಂದ್ವ ಎನ್ನುವ ಪಂಡಿತರು ಒಂದು ವಾರ ಆ ಮನೆಯಲ್ಲಿದ್ದು ನೋಡಲಿ.

ಆ ಬೈಗುಳವೇ ನಮ್ಮ ಪ್ರಾರ್ಥನಾ ಪದ್ಧತಿ. ಕನ್ನಡದಲ್ಲಿ ‘ಮೊರೆ’ ಎಂಬ ಪದವಿದೆ. ಅದರೊಳಗೆ ಬೇಡಿಕೆಯಿದೆ, ಅಳುವಿದೆ, ದೂರಿದೆ, ಮೂರನ್ನೂ ಬಿಡಿಸಿ ಇಡಲು ಬರುವುದಿಲ್ಲ. ತುಳುನಾಡಿನ ಕೋಲದಲ್ಲಿ ದೈವದ ಎದುರು ನಿಂತು, ಇಷ್ಟು ವರ್ಷ ನಂಬಿದ್ದಕ್ಕೆ ನೀನು ಕೊಟ್ಟದ್ದು ಇದೇನಾ ಎಂದು ಕೇಳುವ ಹಕ್ಕು ಕಡುಬಡವನಿಗೂ ಇದೆ. ದೈವ ಆ ಮಾತನ್ನು ಕೇಳಿಸಿಕೊಂಡು ನುಡಿ ಕೊಡಬೇಕು, ಅದು ಕಟ್ಟಳೆ. ಬೈಬಲ್ಲಿನ ಯೋಬನೂ ಹೀಗೆಯೇ ನಿಂತ. ಬೂದಿಯಲ್ಲಿ ಕೂತ ಅವನಿಗೆ ಕಾರಣ ವಿವರಿಸಲು ಬಂದ ಗೆಳೆಯರ ಮೇಲೆ ಕೊನೆಗೆ ದೇವರೇ ಸಿಟ್ಟಾದ, ಜಗಳ ತೆಗೆದ ಯೋಬನೇ ಸರಿಯಾಗಿ ಮಾತಾಡಿದ ಎಂದ. ಅದೇ ಗೆಳೆಯರು ಬಂದ ಹೊಸದರಲ್ಲಿ ಏಳು ಹಗಲು ಏಳು ರಾತ್ರಿ ತುಟಿ ಬಿಚ್ಚದೆ ನೆಲದ ಮೇಲೆ ಅವನ ಜೊತೆ ಕೂತಿದ್ದರು. ಅವರು ಕೆಟ್ಟದ್ದು ಎಂಟನೆಯ ದಿನ. ನಾವು ಏಳು ದಿನದ ಗೆಳೆಯರ ಪರಂಪರೆಯವರು.

ಆದರೆ ಸುಮ್ಮನೆ ಕೂರುವುದನ್ನೇ ನಾವು ಧರ್ಮ ಮಾಡಿಕೊಂಡಿಲ್ಲ. ದೇವರಿಗೆ ಕೈ ಮುಗಿಯುವ ಮೊದಲು ಮೇಲೆ ನೋಡಿ ಹೆಲಿಕಾಪ್ಟರ್ ಇದೆಯೇ ಎಂದು ಪರೀಕ್ಷಿಸುವುದು ನಮ್ಮ ಸಂಧ್ಯಾವಂದನೆ. ಪಡ್ರೆಯ ಕಥೆ ತಿರುಗಿದ್ದು ಹಾಗೆ. ಅಲ್ಲಿನ ವಾಣಿನಗರದ ವೈದ್ಯ ವೈ. ಎಸ್. ಮೋಹನ್ ಕುಮಾರ್, ತಮ್ಮ ಬಳಿ ಬರುವ ರೋಗಿಗಳ ಕಾಯಿಲೆಗಳನ್ನು ಮನೆಮನೆಯ ಲೆಕ್ಕದಲ್ಲಿ ಬರೆದಿಟ್ಟರು. ಅದೇ ಜಿಲ್ಲೆಯ ಪೆರಿಯದ ಲೀಲಾಕುಮಾರಿ ಅಮ್ಮ ಕೃಷಿ ಇಲಾಖೆಯಲ್ಲಿಯೇ ನೌಕರಿಯಲ್ಲಿದ್ದವರು. ಮನೆಯ ಮೇಲೆ ವಿಷ ಬಿದ್ದಾಗ ಕೋರ್ಟಿನ ಮೆಟ್ಟಿಲು ಹತ್ತಿ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ 117 ಶಾಲಾ ಹುಡುಗರನ್ನು ಬೇರೆ ಊರಿನ 90 ಹುಡುಗರ ಪಕ್ಕದಲ್ಲಿಟ್ಟು ಪರೀಕ್ಷಿಸಿ, ಇಲ್ಲಿನವರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂದು 2003ರಲ್ಲಿ ಪ್ರಕಟಿಸಿದರು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಈ ವಿಷವನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ 13ರಂದು ನಮ್ಮ ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಅದನ್ನು ನಿಲ್ಲಿಸಿತು. ಸರ್ಪಸಂಸ್ಕಾರದಿಂದ ನಿಲ್ಲದ್ದು ಒಂದು ನೋಟ್ ಪುಸ್ತಕ, ಒಂದು ದಾವೆ, ಒಂದಿಷ್ಟು ರಕ್ತದ ಮಾದರಿಯಿಂದ ನಿಂತಿತು.

ಯಾವ ಕಾಯಿಲೆ ಆ ವಿಷದಿಂದ ಬಂತು, ಯಾವುದು ಬೇರೆ ಕಾರಣದಿಂದ ಎಂದು ವಿಜ್ಞಾನಿಗಳು ಇಂದಿಗೂ ಜಗಳವಾಡುತ್ತಾರೆ. ಆಡಲಿ. ಆ ಜಗಳದಲ್ಲಿ ಸೋತವರು ಸೋಲೊಪ್ಪುವ ದಾರಿಯೊಂದಿದೆ. ಪೂರ್ವಜನ್ಮದ ವಾದದಲ್ಲಿ ಯಾರೂ ಎಂದೂ ಸೋತಿಲ್ಲ, ಅದೇ ಅದರ ದೋಷ.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಎಲ್ಲ ನೋವಿನ ಹಿಂದೆಯೂ ಹೆಲಿಕಾಪ್ಟರ್ ಇರುವುದಿಲ್ಲ. ಯಾರೂ ವಿಷ ಸುರಿಯದ ಊರಲ್ಲೂ ಮೂರು ವರ್ಷದ ಮಗುವಿಗೆ ರಕ್ತದ ಕ್ಯಾನ್ಸರ್ ಬರುತ್ತದೆ. ನೆಲ ಯಾರ ಸಹಿಯೂ ಇಲ್ಲದೆ ನಡುಗುತ್ತದೆ. ಅಲ್ಲಿ ಹಿಡಿದು ಕೇಳಲು ಕಚೇರಿಯಿಲ್ಲ, ದಾವೆ ಹಾಕಲು ಪ್ರತಿವಾದಿಯಿಲ್ಲ. ಹಳೆಯ ವ್ಯವಸ್ಥೆಯವರು ನುಗ್ಗುವುದೇ ಈ ಖಾಲಿ ಜಾಗಕ್ಕೆ. ದೇವರ ಪರೀಕ್ಷೆ, ದೇವರಿಗೆ ಪ್ರಿಯವಾದ ಹೂವನ್ನೇ ಅವನು ಮೊದಲು ಕೀಳುವುದು, ಏನೋ ದೊಡ್ಡ ಒಳಿತಿಗೆ ಇರಬೇಕು ಎಂಬ ಮಾತುಗಳು ಅಲ್ಲಿಯೇ ಹುಟ್ಟುತ್ತವೆ. ಆ ಜಾಗವನ್ನು ಖಾಲಿಯಾಗಿಯೇ ಕಾಯುವುದು ನಮ್ಮ ಕೆಲಸಗಳಲ್ಲೆಲ್ಲ ಕಷ್ಟದ್ದು. ಮಗು ಕಳೆದುಕೊಂಡವರು ಏಕೆ ಎಂದು ಕೇಳಿದಾಗ ಗೊತ್ತಿಲ್ಲ ಎಂದು ಹೇಳಿ, ಹೇಳಿದ ಮೇಲೂ ಎದ್ದುಹೋಗದೆ ಇರಬೇಕು. ಹೇಳುವುದು ಸುಲಭ. ಇರುವುದಕ್ಕೆ ಕಲಿಕೆ ಬೇಕು, ನಾವೂ ಇನ್ನೂ ಕಲಿಯುತ್ತಿದ್ದೇವೆ.

ಒಂದು ಮನೆಯ ವಿಷಯ ಹೇಳುತ್ತೇವೆ. ಗಡಿಯ ಈಚೆ, ದಕ್ಷಿಣ ಕನ್ನಡದ ಒಂದು ಹಳ್ಳಿ. ಗೇರು ತೋಟದ ಮೇಲೆ ಇಲ್ಲೂ ಅದೇ ವಿಷ ಸುರಿದಿತ್ತು. ಮಗನಿಗೆ ಇಪ್ಪತ್ತೊಂಬತ್ತು, ಮೈಯಳತೆ ಏಳು ವರ್ಷದವನದ್ದು. ತಾಯಿ ಬೆಳಗ್ಗೆ ಗಂಜಿಯನ್ನು ಕಿವುಚಿ ತಿಳಿ ಮಾಡಿ ಚಮಚದಲ್ಲಿ ಕೊಡುತ್ತಾರೆ. ಪ್ರತಿ ಚಮಚಕ್ಕೂ ಗಂಟಲು ಇಳಿಯಿತೇ ಎಂದು ಕತ್ತಿನ ಮೇಲೆ ಎರಡು ಬೆರಳಿಟ್ಟು ನೋಡುತ್ತಾರೆ. ಒಂದು ಲೋಟ ಗಂಜಿಗೆ ಮುಕ್ಕಾಲು ಗಂಟೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಬೆನ್ನಿಗೆ ಹುಣ್ಣಾಗುತ್ತದೆ, ರಾತ್ರಿಯೂ. ನಾವು ಹೋದಾಗ ನಮ್ಮಲ್ಲೊಬ್ಬ ಹುಡುಗ, ಓದಿಕೊಂಡವನು, ಅಮ್ಮಾ, ದೇವರು ಇಷ್ಟು ಕಷ್ಟ ಕೊಟ್ಟಿದ್ದಾನಲ್ಲ, ನಿಮಗೆ ಅವನ ಮೇಲೆ ಸಿಟ್ಟು ಬರುವುದಿಲ್ಲವೇ ಎಂದು ಕೇಳಿಬಿಟ್ಟ. ಅವರು ಚಮಚ ತೊಳೆಯುತ್ತಾ ಹೇಳಿದರು: “ಸಿಟ್ಟು ಮಾಡ್ಲಿಕ್ಕೆ ಪುರುಸೊತ್ತು ಎಲ್ಲುಂಟು ಮಗಾ? ನನಗೆ ಅದೆಲ್ಲ ಇಲ್ಲ. ನಾನು ಹೋದ ಮೇಲೆ ಇವನನ್ನು ಯಾರು ನೋಡ್ತಾರೆ, ಅದೊಂದು ಹೇಳು.”

ದೇವರ ದಯೆಯ ಬಗ್ಗೆ ನಡೆದ ಎರಡು ಸಾವಿರ ವರ್ಷದ ಚರ್ಚೆ ಜಗಲಿಯದ್ದು. ಒಳಕೋಣೆಯ ಪ್ರಶ್ನೆ ಇದು. ಇದಕ್ಕೆ ಉತ್ತರವಿದೆ, ಅದೂ ನಮ್ಮ ಕೈಯಲ್ಲೇ ಇದೆ. ಇದನ್ನು ಬಿಟ್ಟು ಆ ಚರ್ಚೆಗೇ ಜೋತುಬಿದ್ದದ್ದು ನಮ್ಮ ಕಾಲದ ದೊಡ್ಡ ಜಾಣ ಸೋಮಾರಿತನ.

ನಮ್ಮ ಗುರಿಗಳು ಇಲ್ಲಿಂದ ಹೊರಡುತ್ತವೆ. ಹೀಗೆ ಹಾಸಿಗೆ ಹಿಡಿದವರಿರುವ ಪ್ರತಿ ಮನೆಗೂ ತಾಯಿಯಲ್ಲದ ಇನ್ನೊಂದು ಜೊತೆ ಕೈ ಇರಬೇಕು. ಹಗಲು ಬಿಟ್ಟುಹೋಗಲು ಪ್ರತಿ ಗ್ರಾಮಕ್ಕೆ ಒಂದು ಪಾಲನಾ ಕೇಂದ್ರ ಬೇಕು, ತಂದೆತಾಯಿ ತೀರಿಕೊಂಡವರಿಗೆ ಊರೊಳಗೇ ಒಂದು ಮನೆ ಬೇಕು. ನಗರದ ಆಶ್ರಮಕ್ಕೆ ಸಾಗಿಸುವುದು ಉತ್ತರವಲ್ಲ. ಇವನ್ನು ಕೊಡುವುದು ಸರಕಾರದ ಋಣ, ದಯೆಯಲ್ಲ. ಎಂಡೋಸಲ್ಫಾನ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದು ಸುಪ್ರೀಂ ಕೋರ್ಟ್ ಕೇರಳಕ್ಕೆ ಹೇಳಿದ್ದು 2017ರ ಜನವರಿಯಲ್ಲಿ. ಐದು ವರ್ಷದ ಮೇಲೆ ಅದೇ ಕೋರ್ಟ್ ಅದೇ ವಿಷಯಕ್ಕೆ ಅದೇ ಸರಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ದೇವರ ಮೌನದ ಬಗ್ಗೆ ಬರೆದವರು ಬಹಳ. ಕಚೇರಿಯ ಮೌನದ ಬಗ್ಗೆ ಬರೆಯುವವರು ನಮಗೆ ಬೇಕು.

ಗುಡಿ, ಮಸೀದಿ, ಇಗರ್ಜಿಗಳೊಂದಿಗೆ ನಮಗೆ ಜಗಳವಿಲ್ಲ. ಅವರಲ್ಲಿ ಬಿಸಿ ಅನ್ನವಿದೆ, ವಾಹನವಿದೆ, ದೊಡ್ಡ ಹಾಲ್ ಇದೆ, ಬೆಳಗ್ಗೆ ಏಳುವ ಜನರಿದ್ದಾರೆ. ಇದೆಲ್ಲ ನಮಗೆ ಬೇಕು. ಪ್ರವಚನವನ್ನು ಮಾತ್ರ ಹೊಸಿಲಾಚೆ ಬಿಟ್ಟು ಬರಲಿ. ವಿಚಾರವಾದಿ ಗೆಳೆಯರಿಗೂ ಅದೇ ವಿನಂತಿ: ತಾಯಿ ಕಟ್ಟಿದ ತಾಯತವನ್ನು ಕಿತ್ತೆಸೆಯುವ ಮೊದಲು ಒಂದು ತಿಂಗಳು ರಾತ್ರಿಪಾಳಿ ಮಾಡಿ. ಆಮೇಲೂ ಕೀಳಬೇಕು ಎನಿಸಿದರೆ ಮಾತಾಡೋಣ.

ನಮ್ಮ ಜೊತೆ ಬರುವವರು ಒಂದೇ ಒಂದು ವ್ರತ ಹಿಡಿಯಬೇಕು. ಕರ್ಮ ಎಂಬ ಪದವನ್ನು ನಿಮ್ಮ ನೋವಿಗೆ ಬೇಕಾದರೆ ಬಳಸಿಕೊಳ್ಳಿ. ಅದು ನಿಮ್ಮದು, ಅದರಿಂದ ಬಲ ಬರುವುದಾದರೆ ಬರಲಿ. ಇನ್ನೊಬ್ಬರ ಹಾಸಿಗೆಯ ಪಕ್ಕ ಅದನ್ನು ಬಾಯಿಬಿಡಬೇಡಿ. ಪರೀಕ್ಷೆ, ಶಾಪ, ಲೀಲೆ, ದೇವರ ಇಚ್ಛೆ ಎಂಬ ಪದಗಳಿಗೂ ಇದೇ ನಿಯಮ. ಬಾಯಿಗೆ ಬೇರೆ ಮಾತು ಬಾರದಿದ್ದರೆ ಬಚ್ಚಲಿನಲ್ಲಿ ನೆನೆಹಾಕಿದ ಬಟ್ಟೆ ಇರುತ್ತದೆ, ಅದನ್ನು ಒಗೆಯಿರಿ.

ಮೊದಲ ಕೆಲಸ ಕಾದಿದೆ. ಬರುವ ಭಾನುವಾರ ಆ ತಾಯಿಯ ತಂಗಿಯ ಮಗಳ ಮದುವೆ. ಮಗ ಹುಟ್ಟಿದ ಮೇಲೆ ಅವರು ಯಾವ ಮದುವೆಯಲ್ಲೂ ಊಟಕ್ಕೆ ಕೂತವರಲ್ಲ. ಬೆಳಗ್ಗೆ ಏಳರಿಂದ ಸಂಜೆ ಐದರವರೆಗೆ ಇಬ್ಬರು ಬೇಕು, ಒಬ್ಬರಿಗಾದರೂ ಎತ್ತಿ ಮಗ್ಗುಲು ಬದಲಿಸುವಷ್ಟು ತೋಳಿನ ಬಲವಿರಲಿ. ಗಂಜಿ ಹೇಗೆ ಕೊಡುವುದು ಎಂದು ಶನಿವಾರ ಸಂಜೆಯೇ ಬಂದು ಅವರಿಂದ ಕಲಿತುಕೊಳ್ಳಬೇಕು. ಎರಡು ಬೆರಳು ಕತ್ತಿನ ಮೇಲೆ ಎಲ್ಲಿಡಬೇಕೆಂದು ತೋರಿಸಿಕೊಡುತ್ತಾರೆ.